ಒಂಬತ್ತು ಅಡಿ ನಾಲ್ಕು ಇಂಚು

ಅರ್ಹತೆ ಅನ್ನುವ ಪದ ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಅರ್ಹರು ಯಾರು, ಅಲ್ಲದವರು ಯಾರು, ಅದನ್ನು ಅಳೆಯಲು ಕೂತವರು ಯಾರು? ಅಳೆಯಲು ಕೂತವರಲ್ಲಿ ನಾನೂ ಒಬ್ಬಳಾಗಿದ್ದೆ, ಅದಕ್ಕೇ ಕೇಳುತ್ತಿದ್ದೇನೆ.

ನನ್ನ ಹೆಸರು ವೇದಾವತಿ. ಕೊರಟಗೆರೆಯ ಒಂದು ಡಿಗ್ರಿ ಕಾಲೇಜಿನಲ್ಲಿ ಹದಿನಾಲ್ಕು ವರ್ಷದಿಂದ ದೈಹಿಕ ಶಿಕ್ಷಣದ ಮೇಡಂ. ಹುಡುಗಿಯಾಗಿದ್ದಾಗ ನಾನು ಆಡಿದ್ದು ಖೋ ಖೋ. ಬ್ಯಾಸ್ಕೆಟ್‌ಬಾಲ್ ಕಲಿತದ್ದು ಪುಸ್ತಕ ನೋಡಿ. ಸಿಟ್ಟು ಜಾಸ್ತಿ, ಗಂಟಲು ಅದಕ್ಕಿಂತ ಜಾಸ್ತಿ. ನಾನು ಮೈದಾನದಲ್ಲಿ ಬೈದರೆ ಬಸ್ ಸ್ಟ್ಯಾಂಡಿನಲ್ಲಿ ಕೇಳಿಸುತ್ತದೆ ಎಂದು ಹುಡುಗಿಯರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಬೈಸಿಕೊಂಡವರೇ ಈ ವರ್ಷ ಆರರಲ್ಲಿ ನಾಲ್ಕು ಪಂದ್ಯ ಗೆದ್ದದ್ದು.

ಹುಡುಗಿಯರ ಬ್ಯಾಸ್ಕೆಟ್‌ಬಾಲ್‌ಗೆ ನಮ್ಮ ವಲಯದಲ್ಲಿ ನಾಲ್ಕು ಕಾಲೇಜು. ಮಧುಗಿರಿ, ಶಿರಾ, ಪಾವಗಡ, ಆಮೇಲೆ ನಾವು. ಪ್ರತಿ ತಂಡದ ಜೊತೆಗೂ ಒಂದು ಪಂದ್ಯ ನಮ್ಮ ಅಂಗಳದಲ್ಲಿ, ಒಂದು ಅವರ ಅಂಗಳದಲ್ಲಿ. ಹೆಚ್ಚು ಗೆದ್ದ ಒಂದೇ ಒಂದು ತಂಡಕ್ಕೆ ತುಮಕೂರಿನ ವಿಶ್ವವಿದ್ಯಾಲಯ ಮಟ್ಟದ ಪಂದ್ಯಾವಳಿಗೆ ಹೋಗುವ ಅವಕಾಶ. ಲೆಕ್ಕ ಇಷ್ಟು ಸರಳ. ಆದರೆ ಈ ಸಲ ನಾವೂ ನಾಲ್ಕು ಗೆದ್ದೆವು, ಪಾವಗಡದವರೂ ನಾಲ್ಕು ಗೆದ್ದರು. ಅವರನ್ನು ನಮ್ಮಲ್ಲಿ ಹದಿನಾಲ್ಕು ಅಂಕದಿಂದ ಸೋಲಿಸಿದ್ದೆವು. ಅವರು ನಮ್ಮನ್ನು ಅವರಲ್ಲಿ ಒಂಬತ್ತು ಅಂಕದಿಂದ ಸೋಲಿಸಿದ್ದರು. ಕಳೆದರೆ ಐದು ಅಂಕ ನಮ್ಮ ಕಡೆಗೆ ಉಳಿಯಿತು. ಆ ಐದು ಅಂಕದ ಮೇಲೆ ನಮ್ಮನ್ನೇ ಅರ್ಹರೆಂದು ಮಧುಗಿರಿಯಲ್ಲಿ ಶನಿವಾರ ನಾಲ್ಕೂ ಕಾಲೇಜಿನವರ ಸಮಿತಿ ಸೇರಿ ಸೈನ್ ಹಾಕುವುದೊಂದೇ ಬಾಕಿಯಿತ್ತು.

ಅದಕ್ಕಾಗಿ ತುದಿಗಾಲಲ್ಲಿ ನಿಂತಿದ್ದವಳು ಗಂಗಾಂಬಿಕಾ, ನಮ್ಮ ಕ್ಯಾಪ್ಟನ್. ಬಿ.ಎ. ಕೊನೆಯ ವರ್ಷ. ಸಿದ್ದರಬೆಟ್ಟದ ಬುಡದ ಹಳ್ಳಿಯವಳು. ಅವರಮ್ಮ ರಾಮಾಂಜಿನಮ್ಮ ಬೆಟ್ಟ ಹತ್ತುವವರಿಗೆ ಮಜ್ಜಿಗೆ, ಸೌತೆಕಾಯಿ ಮಾರುತ್ತಾರೆ. ಹುಡುಗಿಗೆ ಬಿ.ಪಿ.ಎಡ್. ಮಾಡಬೇಕು, ನನ್ನ ಹಾಗೆ ಕೊರಳಿಗೆ ವಿಷಲ್ ಹಾಕಿಕೊಳ್ಳಬೇಕು ಎನ್ನುವ ಹಟ. ಮಾರ್ಕ್ಸು ಅಷ್ಟಕ್ಕಷ್ಟೆ. ಕ್ರೀಡಾ ಕೋಟಾದಲ್ಲಿ ಮಾತ್ರ ಸೀಟು ಸಿಗುತ್ತದೆ, ಅದಕ್ಕೆ ತುಮಕೂರಿನ ಪಂದ್ಯಾವಳಿಯ ಸರ್ಟಿಫಿಕೇಟು ಬೇಕೇ ಬೇಕು. ಸೀಟು ಸಿಗದಿದ್ದರೆ ಜೂನ್ ತಿಂಗಳಿಂದ ಗಾರ್ಮೆಂಟ್ಸ್ ವ್ಯಾನು ಹತ್ತಬೇಕು ಎಂದು ಮನೆಯಲ್ಲಿ ಮಾತಾಗಿತ್ತು. ಅವಳ ಅಕ್ಕ ನಾಲ್ಕು ವರ್ಷದಿಂದ ಹತ್ತುತ್ತಿದ್ದಾಳೆ.

ಪಾವಗಡದಲ್ಲಿ ಸೋತ ದಿನದ ವಿಷಯ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ತಪ್ಪು ಅಲ್ಲಿಯೇ ನನ್ನ ಮುಖದೆದುರು ಬಂದು ನಿಂತಿತ್ತು, ನಾನೇ ನೋಡಲಿಲ್ಲ. ಗಂಗಾಂಬಿಕಾ ಎಸೆದ ಚೆಂಡೆಲ್ಲ ರಿಂಗಿನ ಮುಂದಿನ ಅಂಚಿಗೆ ಬಡಿದು ಬಡಿದು ವಾಪಸು ಬರುತ್ತಿತ್ತು. ನಮ್ಮಲ್ಲಿ ಕಣ್ಣು ಮುಚ್ಚಿ ಎಸೆದರೂ ಒಳಗೆ ಬೀಳುವ ಹುಡುಗಿ. ಪಂದ್ಯ ಮುಗಿದ ಮೇಲೆ ಬಂದು, "ಇಲ್ಲಿ ರಿಂಗು ಮ್ಯಾಲೈತೆ ಮೇಡಂ" ಅಂದಳು. ಶಿರಾದಲ್ಲೂ ಇದೇ ಮಾತು ಆಡಿದ್ದಳು. ನನಗೆ ರೇಗಿಹೋಯಿತು.

"ಹೌದು ಕಣಮ್ಮ, ಪಾವಗಡದಾಗೆ ಬಿಸ್ಲು ಜಾಸ್ತಿ ಅಲ್ವಾ, ರಿಂಗು ಬೆಳ್ಕಂಡೈತೆ! ಸೋತ್ಬುಟ್ಟು ಕಬ್ಬಿಣದ ಮ್ಯಾಲೆ ಹಾಕ್ತೀಯಲ್ಲೇ, ನಾಚ್ಕೆ ಆಗಲ್ವಾ?" ಅಂದೆ. ಅವಳು ಚೆಂಡು ಎತ್ತಿಕೊಂಡು ಬಸ್ಸಿನ ಕಡೆಗೆ ನಡೆದಳು.

ಸಮಿತಿಗೆ ಎರಡು ದಿನ ಇರುವಾಗ, ಗುರುವಾರ ಸಂಜೆ, ಹಳೆಯ ಬಲೆ ಹರಿದಿದೆ ಎಂದು ಹೊಸದು ಕಟ್ಟಲು ಅಟೆಂಡರ್ ಭೀಮರಾಜುವನ್ನು ಕರೆದೆ. ಅವನು ಕಾಲೇಜಿಗೆ ನನಗಿಂತ ಹಳಬ, ರಿಟೈರ್ ಆಗಲು ಒಂದು ವರ್ಷವಿದೆ. ಸ್ಟಾಫ್ ರೂಮಿನ ಮೇಜು ಎಳೆದುಕೊಂಡು ಬಂದು ಅದರ ಮೇಲೆ ಹತ್ತಿದ. ಹತ್ತಿದವನು ಬಲೆ ಕಟ್ಟದೆ ರಿಂಗು ಹಿಡಿದುಕೊಂಡು ಸುಮ್ಮನೆ ನಿಂತುಬಿಟ್ಟ.

"ಏನಯ್ಯ, ಬೆನ್ನು ಹಿಡ್ಕಂತಾ?" ಅಂದೆ.

"ಇಲ್ಲ ಮೇಡಂನೋರೆ, ಒಂದ್ ಮಾತು ಕೇಳ್ತೀನಿ, ನಗಬ್ಯಾಡಿ. ಮುಂಚೆ ಬಲೆ ಕಟ್ಬೇಕಾದ್ರೆ ಮೇಜಿನ್ ಮ್ಯಾಲೆ ಸ್ಟೂಲು ಇಕ್ಕಂಡು ಹತ್ತತಿದ್ದೆ. ಈಗ ಬರೀ ಮೇಜೇ ಸಾಕಾಯ್ತು. ಈ ವಯ್ಸಲ್ಲಿ ನಾನೇನ್ ಬೆಳ್ದಿದೀನಾ ಹೆಂಗೆ?"

ನಕ್ಕೆ. ನಕ್ಕವಳಿಗೆ ಅರ್ಧಕ್ಕೇ ನಗು ನಿಂತುಹೋಯಿತು. ಆಫೀಸಿಗೆ ಹೋಗಿ ಟೇಪು ತಂದೆ. ರಿಂಗು ನೆಲದಿಂದ ಹತ್ತು ಅಡಿ ಇರಬೇಕು, ಇದು ಬ್ಯಾಸ್ಕೆಟ್‌ಬಾಲಿನ ಮೊದಲ ಪಾಠ. ಭೀಮರಾಜು ಮೇಲಿನ ತುದಿ ಹಿಡಿದ, ನಾನು ಕೆಳಗೆ ಕೂತು ನೋಡಿದೆ. ಒಂಬತ್ತು ಅಡಿ ನಾಲ್ಕು ಇಂಚು. ಟೇಪು ಸೊಟ್ಟಗಿರಬೇಕೆಂದು ಎಳೆದು ಹಿಡಿಸಿದೆ. ಒಂಬತ್ತು ಅಡಿ ನಾಲ್ಕು ಇಂಚು. ಆ ಕಡೆಯ ರಿಂಗಿಗೆ ಓಡಿದೆವು. ಅದು ಒಂಬತ್ತು ಅಡಿ ಐದು ಇಂಚು. ಅಯ್ಯೋ ಶಿವನೇ, ಎರಡೂ ಕೂಡ ಒಂದೇ ಸಮ ಇಲ್ಲ!

ಕಂಬ ಭೂಮಿಗೆ ಇಳಿದಿದೆಯೇ ಎಂದು ನೋಡಿದೆ, ಇಳಿದಿರಲಿಲ್ಲ. ಆಗ ಭೀಮರಾಜು ಅಂಗಳದ ಅಂಚಿಗೆ ಹೋಗಿ ಕುಕ್ಕರಗಾಲಲ್ಲಿ ಕೂತು, ಹುಲ್ಲು ಸರಿಸಿ, "ಇಲ್ಲಿ ನೋಡ್ಬನ್ನಿ ಮೇಡಂ" ಅಂದ. ಮಳೆ ನೀರಿಗೆ ಮಣ್ಣು ಕೊಚ್ಚಿಹೋಗಿ ಸಿಮೆಂಟಿನ ಅಂಚು ಕಾಣುತ್ತಿತ್ತು. ಒಂದರ ಮೇಲೆ ಒಂದು, ನಾಲ್ಕು ಪದರ. ಪ್ರತಿ ಪದರವೂ ಎರಡೆರಡು ಇಂಚು ದಪ್ಪ.

ಇದು ಹೇಗಾಯಿತು ಎಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನಮ್ಮ ಕಾಲೇಜಿನಲ್ಲಿ ಒಂದು ಪದ್ಧತಿಯಿದೆ. ಕೊನೆಯ ವರ್ಷದ ಮಕ್ಕಳು ಹೋಗುವಾಗ ಕಾಲೇಜಿಗೆ ಏನಾದರೂ ಕೊಡುಗೆ ಕೊಟ್ಟು, ಅದರ ಮೇಲೆ ತಮ್ಮ ಹೆಸರು ಬರೆಸುತ್ತಾರೆ. ಗಡಿಯಾರ ಕೊಟ್ಟರು, ಫ್ಯಾನು ಕೊಟ್ಟರು, ನೀರಿನ ಫಿಲ್ಟರು ಕೊಟ್ಟರು. ಗೋಡೆ, ಛಾವಣಿ ಎಲ್ಲ ತುಂಬಿದ ಮೇಲೆ ಒಂದು ವರ್ಷದವರಿಗೆ ಬ್ಯಾಸ್ಕೆಟ್‌ಬಾಲ್ ಅಂಗಳ ಕಣ್ಣಿಗೆ ಬಿತ್ತು. ಹೊಸದಾಗಿ ಸಿಮೆಂಟು ಹಾಕಿಸಿ, ಹಸಿ ಇರುವಾಗಲೇ ಮೂಲೆಯಲ್ಲಿ ಎಲ್ಲರ ಹೆಸರು ಕೊರೆಸಿದರು. ಮೂರು ವರ್ಷಕ್ಕೆ ಬಿರುಕು ಬಿಟ್ಟಿತು. ಮುಂದಿನವರು ಬಂದು, ನಾವೂ ಹಾಕಿಸುತ್ತೇವೆ ಅಂದರು. ಹಳೆಯದನ್ನು ಒಡೆದು ತೆಗೆಯಬೇಕಿತ್ತು. ಆದರೆ ಹೆಸರಿರುವ ನೆಲ, ಒಡೆದರೆ ಕೊಟ್ಟವರಿಗೆ ಬೇಜಾರಾಗುವುದಿಲ್ಲವೇ? ಅದಕ್ಕೆ ಒಡೆಯದೆ ಮೇಲೆಯೇ ಹಾಕಿಸಿದರು. ಮುಚ್ಚಿಹೋದರೆ ಮಾತ್ರ ಯಾರಿಗೂ ಬೇಜಾರಿಲ್ಲ ನೋಡಿ! ಹೀಗೆ ನಾಲ್ಕು ಸಲ. ನಾಲ್ಕು ಸಲವೂ ಅರಿಶಿನ ಕುಂಕುಮದ ತಟ್ಟೆ ಹಿಡಿದು ಪೂಜೆಗೆ ನಿಂತವಳು ನಾನೇ. ಬಾಳಿಕೆ ಬರಲಿ, ಸ್ವಲ್ಪ ದಪ್ಪವಾಗಿಯೇ ಹಾಕಿಸಿ ಎಂದು ಸಲಹೆ ಕೊಟ್ಟವಳೂ ನಾನೇ. ನೆಲ ಎದ್ದಷ್ಟೂ ರಿಂಗು ಗಿಡ್ಡವಾಗುತ್ತದೆ ಎನ್ನುವುದು ಒಂದು ಸಲವೂ ತಲೆಗೆ ಹೊಳೆಯಲಿಲ್ಲ.

ಅಷ್ಟೇ ಆಗಿದ್ದರೆ ಹಣೆ ಚಚ್ಚಿಕೊಂಡು ಸುಮ್ಮನಾಗುತ್ತಿದ್ದೆ. ಪ್ರತಿ ವರ್ಷ ಪಂದ್ಯ ಶುರುವಾಗುವ ಮೊದಲು ಒಂದು ಫಾರಂ ಬರುತ್ತದೆ. 'ಅಂಗಳ ಮತ್ತು ರಿಂಗಿನ ಅಳತೆ ನಿಯಮದ ಪ್ರಕಾರ ಇದೆ ಎಂದು ಪ್ರಮಾಣೀಕರಿಸುತ್ತೇನೆ.' ಕೆಳಗೆ ನನ್ನ ಸೈನು. ಕೆಲಸಕ್ಕೆ ಸೇರಿದ ವರ್ಷ ಅಳೆದಿದ್ದೆ. ಆಮೇಲೆ ಕಬ್ಬಿಣದ ಕಂಬ ಎಲ್ಲಿಗೆ ಹೋಗುತ್ತದೆ ಎಂದು ಬರೀ ಸೈನು ಹಾಕಿದೆ.

ಆ ರಾತ್ರಿ ತಲೆ ಕೆಟ್ಟು ಕೆರ ಹಿಡಿದುಹೋಯಿತು. ಗೆದ್ದ ನಾಲ್ಕರಲ್ಲಿ ಮೂರು ಇದೇ ಅಂಗಳದಲ್ಲಿ ಗೆದ್ದದ್ದು. ಹಾಗಾದರೆ ಅದು ಗೆಲುವಲ್ಲವೇ? ಆದರೆ ಎದುರಾಳಿಗಳೂ ಅದೇ ಗಿಡ್ಡ ರಿಂಗಿಗೆ ತಾನೇ ಎಸೆದದ್ದು? ಗಿಡ್ಡ ರಿಂಗಿಗೆ ಎಸೆಯುವುದು ಸುಲಭವಾದರೆ ಅವರಿಗೂ ಸುಲಭವಾಗಬೇಕಿತ್ತು. ಇಲ್ಲ, ಅವರ ಕೈ ಹತ್ತು ಅಡಿಗೆ ಪಳಗಿದೆ, ಆದ್ದರಿಂದ ಚೆಂಡು ದಾಟಿ ಹೋಯಿತು. ಹಾಗಂದರೆ ನಮ್ಮ ಹುಡುಗಿಯರ ಕೈ ತಪ್ಪು ಅಳತೆಗೆ ಪಳಗಿದೆ, ಹೊರಗೆ ಹೋಗಿ ಅವರೂ ಅನುಭವಿಸಿದರಲ್ಲ! ಸರಿಯಾದ ರಿಂಗು ಇದ್ದಿದ್ದರೆ ಎಲ್ಲ ಕಡೆಯೂ ಗೆಲ್ಲುತ್ತಿದ್ದರೇನೋ. ಅಥವಾ ಎಲ್ಲ ಕಡೆಯೂ ಸೋಲುತ್ತಿದ್ದರೇನೋ. ಯಾವ ಕಡೆಯಿಂದ ಹಿಡಿದರೂ ಇನ್ನೊಂದು ಕಡೆಯಿಂದ ಜಾರುತ್ತಿತ್ತು.

ಶುಕ್ರವಾರ ಪ್ರಿನ್ಸಿಪಾಲ್ ಪ್ರಸನ್ನ ಕುಮಾರ್ ಅವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು ನನ್ನನ್ನು ನೋಡಿದರು.

"ಅವರಿಗೂ ಗಿಡ್ಡ, ನಮಗೂ ಗಿಡ್ಡ. ಇದರಲ್ಲಿ ಮೋಸ ಎಲ್ಲಿದೆ ಮೇಡಂ?"

"ಮೋಸ ಅಂತಲ್ಲ ಸಾರ್. ಆದ್ರೆ ಅಳತೆ ಸರಿಯಿದೆ ಅಂತ ನಾನು ಸೈನ್ ಹಾಕಿದೀನಿ."

"ಹಾಕಿದೀರಲ್ಲ, ಮುಗೀತು. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ನಮ್ಮ ತಂಡ ತುಮಕೂರಿಗೆ ಹೋಗ್ತಿದೆ. ರಜದಲ್ಲಿ ಕಂಬ ಎತ್ತರಿಸೋಣ. ನಾಳೆ ಹೋಗಿ ತೆಪ್ಪಗೆ ಬನ್ನಿ."

ಅವರ ಮಾತು ಸರಿ ಅನ್ನಿಸಿತು. ಕೋಣೆಯಿಂದ ಹೊರಗೆ ಬಂದ ಕೂಡಲೇ ಸರಿಯಲ್ಲ ಅನ್ನಿಸಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು, ಯಾಕೆ ಎಂದು ಮಾತ್ರ ಗೊತ್ತಾಗಲಿಲ್ಲ. ಟೇಪು ತಂದದ್ದಕ್ಕೋ, ಹದಿಮೂರು ವರ್ಷ ತರದೇ ಇದ್ದದ್ದಕ್ಕೋ?

ಶನಿವಾರ ಬೆಳಿಗ್ಗೆ ಕ್ಯಾಪ್ಟನ್ ಸೈನು ಕೂಡ ಬೇಕೆಂದು ಗಂಗಾಂಬಿಕಾಳನ್ನು ಕರೆದುಕೊಂಡು ಹೊರಟೆ. ಒಂದರ ಹಿಂದೆ ಒಂದು ಪ್ರೈವೇಟ್ ಬಸ್ಸು ಹೋಗುತ್ತಿದ್ದರೂ, "ಸರ್ಕಾರಿ ಬಸ್ಸಿಗೇ ಹೋಗಣ ಮೇಡಂ, ನಮ್ಗೆ ಫ್ರೀ" ಎಂದು ಮುಕ್ಕಾಲು ಗಂಟೆ ಕಾಯಿಸಿದಳು. ಹೊಸ ಚೂಡಿದಾರ ಹಾಕಿಕೊಂಡಿದ್ದಳು. ಮಧುಗಿರಿಯವರೆಗೂ ಅವಳ ಬಾಯಿ ಮುಚ್ಚಲಿಲ್ಲ.

"ನಮ್ಮಮ್ಮ ಬೆಟ್ಟಕ್ಕೆ ಬರೋರ್ಗೆಲ್ಲ ಹೇಳವ್ರೆ ಮೇಡಂ, ನನ್ ಮಗ್ಳು ತುಮಕೂರ್ಗೆ ಆಡಕ್ ಹೋಗ್ತಾಳೆ ಅಂತ. ಮಜ್ಗೆ ಕುಡ್ಯಕ್ ಬಂದೋರು ಪಾಪ, ಕೇಳಿಸ್ಕಂಡೇ ಹೋಗ್ಬೇಕು."

"ಲೇ ಗಂಗಾ," ಅಂದೆ.

"ಏನ್ ಮೇಡಂ?"

ಹೇಳಬೇಕು ಎಂದು ಬಾಯಿ ತೆರೆದವಳು, "ಕಿಟಕಿ ಮುಚ್ಚೇ, ಧೂಳು" ಅಂದೆ. ಅವಳು ಮುಚ್ಚಿದಳು. ಇನ್ನು ಹೇಳುವುದೇ ಬೇಡ, ಈ ಹುಡುಗಿಗೋಸ್ಕರ ನನ್ನ ಬಾಯಿ ಹೊಲಿದುಕೊಳ್ಳುತ್ತೇನೆ ಎಂದು ಅಲ್ಲಿಯೇ ತೀರ್ಮಾನ ಮಾಡಿದೆ. ನಿಜವಾಗಿಯೂ ಮಾಡಿದ್ದೆ.

ಮಧುಗಿರಿ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಸಮಿತಿ ಸೇರಿತ್ತು. ಅಧ್ಯಕ್ಷರು ಮಹಾಲಿಂಗಯ್ಯನವರು, ಅಲ್ಲಿಯೇ ದೈಹಿಕ ಶಿಕ್ಷಕರಾಗಿದ್ದು ನಿವೃತ್ತರಾದವರು. ಶಿರಾದ ಮೇಷ್ಟ್ರು ಬಂದಿರಲಿಲ್ಲ. 'ಏನ್ ಫೈಸಲಾ ಮಾಡಿದ್ರೂ ನಂಗೆ ಮಂಜೂರ್' ಎಂದು ಫೋನಿನಲ್ಲೇ ಹೇಳಿದ್ದರಂತೆ. ಇದ್ದವರು ನಾವು ಮೂವರೇ. ಮೂರನೆಯವರು ಪಾವಗಡದ ಕೋಚ್ ಹಾಲೇಶ್. ಗಂಗಾಂಬಿಕಾಳನ್ನು ಬಾಗಿಲ ಹೊರಗೆ ಬೆಂಚಿನ ಮೇಲೆ ಕೂರಿಸಿದೆ.

ಹಾಲೇಶ್ ಜಗಳ ತೆಗೆಯುತ್ತಾರೆ ಎಂದು ನಾನು ಸೊಂಟ ಕಟ್ಟಿಕೊಂಡು ಹೋಗಿದ್ದೆ. ತೆಗೆದಿದ್ದರೆ ಎಷ್ಟೋ ಚೆನ್ನಾಗಿರುತ್ತಿತ್ತು. ಜಗಳದಲ್ಲಿ ನಾನು ಯಾರಿಗೂ ಸೋಲುವವಳಲ್ಲ. ಆ ಮನುಷ್ಯ ನಗುತ್ತ ಎದ್ದು ಕುರ್ಚಿ ಕೊಟ್ಟು, ಪಾವಗಡದ ಕಡೆಯ ತೆಲುಗು ಬೆರೆಸಿ ಚೆನ್ನಾಗಿದ್ದೀರಾ ಎಂದು ಕೇಳಿದರು.

"ಏಮಿ ಮೇಡಂ, ಬಾಗುನ್ನಾರಾ? ಈ ಸಲ ನೀವು ಗೆದ್ರಿ ಬಿಡಿ. ಐದು ಪಾಯಿಂಟಾದ್ರೂ ಪಾಯಿಂಟೇ ಕದಾ."

ಮಹಾಲಿಂಗಯ್ಯನವರು ಫಾರಂ ನನ್ನ ಮುಂದೆ ಸರಿಸಿದರು. "ಇಲ್ಲೊಂದು ಸೈನ್ ಹಾಕಮ್ಮ ವೇದಾವತಿ. ಗೆದ್ದ ಪಂದ್ಯಗಳ ಅಂಗಳ ಅಳತೆ ಸರಿ ಐತೆ ಅಂತ. ಆಮೇಲೆ ನಿನ್ ಕ್ಯಾಪ್ಟನ್ ಕರಿ."

ಪೆನ್ನು ತೆಗೆದೆ. ಆಗ ಹಾಲೇಶ್ ತಮ್ಮ ಪಾಡಿಗೆ ತಾವು ಹೇಳತೊಡಗಿದರು. "ಅಳತೆ ಅಂದ್ರೆ ನೆಪ್ಪಾಯ್ತು ಸಾರ್. ಮಾ ಪಿಲ್ಲಲು, ನಮ್ ಹುಡುಗೀರು, ಕೊರಟಗೆರೇಲಿ ಸೋತ್ಬುಟ್ಟು ರಿಂಗು ಗಿಡ್ಡ ಐತೆ ಸಾರ್ ಅಂದ್ರು. ನಾನು ಅಲ್ಲೇ ಬೈದ್ಬುಟ್ಟೆ. ವೇದಾವತಿ ಮೇಡಂ ಸೈನ್ ಹಾಕಿರೋ ಅಂಗಳ ಕಣ್ರೇ, ಸೋತು ಬಂದು ಕಂಬದ ಮ್ಯಾಲೆ ಹಾಕ್ತೀರಾ ಅಂತ. ನಮ್ ಅಶ್ವಿನಿ ಅಂತ ಒಬ್ಳು, ಆವತ್ತು ಅತ್ಕಂಡು ಹೋದೋಳು ಪ್ರಾಕ್ಟೀಸ್‌ಗೆ ಬರೋದೇ ನಿಲ್ಸವ್ಳೆ."

ಪೆನ್ನು ಕಾಗದದ ಮೇಲೆಯೇ ಇತ್ತು. ಹೆಸರಿನ ಮೊದಲ ಅಕ್ಷರ 'ವೇ' ಬರೆದಾಗಿತ್ತು. ನನ್ನ ಹುಡುಗಿಗೆ ನಾನು ಬೈದದ್ದು, ಅವರ ಹುಡುಗಿಗೆ ಅವರು ಬೈದದ್ದು, ಇಬ್ಬರೂ ಹುಡುಗಿಯರು ಹೇಳಿದ್ದೇ ಸರಿ, ಇಬ್ಬರನ್ನೂ ಸುಳ್ಳಿಯರನ್ನಾಗಿ ಮಾಡಿದ್ದು ನನ್ನ ಸೈನು. ಯೋಚನೆ ಮಾಡಿ ಹೇಳಿದೆ ಎಂದರೆ ಸುಳ್ಳಾಗುತ್ತದೆ. ಬಾಯಿಂದ ಬಂದುಬಿಟ್ಟಿತು.

"ರಿಂಗು ಗಿಡ್ಡಾನೇ ಇದೆ ಸಾರ್. ಒಂಬತ್ತು ಅಡಿ ನಾಲ್ಕು ಇಂಚು. ಮೊನ್ನೆ ಅಳೆದೆ. ನಿಮ್ ಹುಡುಗಿ ನಿಜಾನೇ ಹೇಳಿದ್ದು."

ಮಹಾಲಿಂಗಯ್ಯನವರು ನನ್ನ ಮುಂದಿದ್ದ ಫಾರಂ ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ನಾನು ಸಿಮೆಂಟಿನ ಕತೆ, ಹೆಸರಿನ ಕತೆ ಎಲ್ಲ ಹೇಳಿದೆ. ಅವರು ಗಲ್ಲ ಕೆರೆದುಕೊಂಡರು.

"ಎರಡು ಟೀಮಿಗೂ ಅದೇ ರಿಂಗು ತಾನೇ?" ಅಂದರು.

"ಅದೇ."

"ಅಂಗಾರೆ ಏನ್ ತಪ್ಪು?"

"ಗೊತ್ತಿಲ್ಲ ಸಾರ್."

"ಗೊತ್ತಿಲ್ದೆ ಯಾಕಮ್ಮ ಹೇಳ್ದೆ?"

ಹಾಲೇಶ್ ಒಂದು ಸಲ, "ಇರಲಿ ಬಿಡಿ ಸಾರ್, ಅವ್ರೇ ಹೋಗ್ಲಿ" ಅಂದರು. ಇನ್ನೊಂದು ಸಲ, "ಆದ್ರೆ ನಮ್ ಹುಡುಗೀರಿಗೆ ಏನಂತ ಹೇಳ್ಲಿ?" ಅಂದರು. ಮತ್ತೆ ಆಡಿಸೋಣ ಎಂದರೆ ಹೆಸರು ಕಳಿಸಲು ಅವತ್ತೇ ಕೊನೆಯ ದಿನ. ಒಂದು ಗಂಟೆ ಮೂವರೂ ಸುತ್ತಿದಲ್ಲೇ ಸುತ್ತಿದೆವು. ಕೊನೆಗೆ ಮಹಾಲಿಂಗಯ್ಯನವರು ನಿಯಮದ ಪುಸ್ತಕ ತೆಗೆದು, ಅಳತೆ ತಪ್ಪಿದ ಅಂಗಳದ ಪಂದ್ಯ ಲೆಕ್ಕಕ್ಕಿಲ್ಲ ಎನ್ನುವ ಸಾಲಿನ ಮೇಲೆ ಬೆರಳಿಟ್ಟರು. ನಮ್ಮ ಅಂಗಳದ ಮೂರೂ ಪಂದ್ಯ ಹೋದವು. ನಮಗೆ ಉಳಿದದ್ದು ಒಂದು ಗೆಲುವು. ಪಾವಗಡದವರ ನಾಲ್ಕಕ್ಕೆ ನಾಲ್ಕೂ ಉಳಿದವು. ಹೊಸ ಫಾರಂನಲ್ಲಿ ಹಾಲೇಶ್ ಸೈನ್ ಹಾಕುವಾಗ ನನ್ನ ಮುಖ ನೋಡಲಿಲ್ಲ.

ಹೊರಗೆ ಬಂದೆ. ಗಂಗಾಂಬಿಕಾ ಬೆಂಚಿನ ಮೇಲೆ ಇರಲಿಲ್ಲ, ಬಾಗಿಲ ಪಕ್ಕದಲ್ಲೇ ಗೋಡೆಗೆ ಒರಗಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಾಳೆ ಎಂದು ನೋಡಿದ ಕೂಡಲೇ ತಿಳಿಯಿತು. ಮಾತು ತೋಚದಿದ್ದಾಗ ನನಗೆ ಬರುವುದು ಸಿಟ್ಟೊಂದೇ.

"ಅಳ್ಬೇಡ ಕಣೆ. ಇಲ್ಲಿ ಆಗಿದ್ದೇ ಸರಿ" ಅಂದೆ.

"ನಾನೆಲ್ಲಿ ಅಳ್ತಿದೀನಿ?" ಅಂದಳು. ನಿಜ, ಅವಳು ಅಳುತ್ತಿರಲಿಲ್ಲ. "ಮೊನ್ನೇನೇ ಗೊತ್ತಿತ್ತಾ ಮೇಡಂ ನಿಮ್ಗೆ?"

"ಗುರುವಾರ ಗೊತ್ತಾಯ್ತು."

"ನಂಗೆ ಒಂದ್ ಮಾತು ಹೇಳ್ಬೇಕು ಅನ್ನಿಸ್ಲಿಲ್ವಾ? ಬಸ್ಸಲ್ಲಿ ಪಕ್ದಾಗೇ ಕೂತಿದ್ನಲ್ಲ."

"ಏನ್ ಹೇಳೋದೇ? ಸುಳ್ಳು ಗೆಲುವು ಅದು! ಎಂಟು ಇಂಚು ಗಿಡ್ಡ ರಿಂಗಲ್ಲಿ ಗೆದ್ಬುಟ್ಟು ತುಮಕೂರಿಗೆ ಹೋಗಿದ್ರೆ, ಮೊದಲ್ನೇ ಮ್ಯಾಚಲ್ಲೇ ಸೋತು ಮಾನ ಕಳ್ಕಂಡು ವಾಪಸ್ ಬರ್ತಿದ್ವಿ, ಗೊತ್ತಾ?"

ನನ್ನ ದನಿ ಏರಿತ್ತು. ಅವಳ ದನಿ ಏರಲಿಲ್ಲ.

"ಗೊತ್ತು ಮೇಡಂ. ಪಾವಗಡದಾಗೇ ಗೊತ್ತಾಯ್ತು ನಂಗೆ, ನಿಮ್ಗೂ ಹೇಳ್ದೆ. ಸೋತೇ ಬರ್ತಿದ್ದೆ." ಆಮೇಲೆ ಹೇಳಿದಳು, "ಸೋತೋರ್ಗೂ ಸರ್ಟಿಫಿಕೇಟ್ ಕೊಡ್ತಾರೆ ಮೇಡಂ."

ಎರಡು ದಿನ ಎರಡು ರಾತ್ರಿ ನಾನು ಅಳೆದು ಸುರಿದು ಲೆಕ್ಕ ಹಾಕಿದ್ದೆಲ್ಲ ಗೆಲುವಿನ ಬಗ್ಗೆ. ಈ ಹುಡುಗಿ ಗೆಲುವನ್ನು ಕೇಳಿಯೇ ಇರಲಿಲ್ಲ.

"ಸೈನ್ ಹಾಕಿದ್ದು ನೀವು," ಅಂದಳು. "ನಿಮ್ಗೊಂದು ನೋಟಿಸ್ ಬರುತ್ತೆ, ಉತ್ತರ ಬರೀತೀರಿ, ಮುಗೀತು. ನಿಮ್ ಮನ್ಸು ಹಗುರ ಆಯ್ತು. ಅದಕ್ಕೆ ನನ್ ಸೀಟೇ ಬೇಕಾಗಿತ್ತಾ ಮೇಡಂ?"

ಹಾಗಲ್ಲ ಕಣೆ ಎನ್ನಬೇಕೆಂದುಕೊಂಡೆ. ಹಾಗೆಯೇ ಇತ್ತು. ಕ್ಷಮಿಸು ಎನ್ನೋಣವೆಂದರೆ ನಿಜ ಹೇಳಿದ್ದಕ್ಕೆ ಕ್ಷಮೆ ಕೇಳುವುದು ಹೇಗೆ? ಅವಳು ಚೂಡಿದಾರದ ಹಿಂಬದಿಗೆ ಹತ್ತಿದ್ದ ಗೋಡೆಯ ಸುಣ್ಣ ಕೊಡವಿಕೊಂಡು, ನನಗಾಗಿ ಕಾಯದೆ ಗೇಟಿನ ಕಡೆಗೆ ನಡೆದಳು. ಕೂಗಿ ನಿಲ್ಲಿಸಬಹುದಿತ್ತು. ಬಸ್ ಸ್ಟ್ಯಾಂಡಿನವರೆಗೆ ಕೇಳಿಸುವ ಗಂಟಲು ನನ್ನದು, ಕೂಗಲಿಲ್ಲ.